ಕೆಂಗೇರಿ ಬಸ್ಸಿನಲ್ಲಿ ಹಗಲು ಪತಂಗಗಳು

ಗಿರಿಜಾದೇವಿ ರಾಜಾಜಿನಗರದ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಲೆಕ್ಚರರ್. ನಲವತ್ತೊಂದು ವರ್ಷದ ಈ ಹೆಂಗಸು ಗಟ್ಟಿಯಾಗಿ ನಕ್ಕದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ೧೯೮೬ರ ಆಗಸ್ಟಿನ ಒಂದು ಬೆಳಿಗ್ಗೆ ಅವಳು ಕೆಂಗೇರಿ ಉಪನಗರದಲ್ಲಿ ಬಸ್ಸು ಹತ್ತಿ, ತೊಡೆಯ ಮೇಲೆ ಚಪ್ಪಲಿ ಡಬ್ಬವೊಂದನ್ನು ಇಟ್ಟುಕೊಂಡು ಕೂತಳು. ಡಬ್ಬದೊಳಗೆ ಪರಪರ ಸದ್ದು.

ಅದರಲ್ಲಿದ್ದವು ಪತಂಗಗಳು. ಅವಳ ಕಾಲೇಜಿನ ಗಾಜಿನ ಪೆಟ್ಟಿಗೆಗಳಲ್ಲಿ ಕಂದುಗಪ್ಪಿನದೊಂದು ಪತಂಗ, ಕಪ್ಪು ನರಗಳ ಬಿಳಿಯದೊಂದು ಪತಂಗ ಬೇರೆ ಬೇರೆ ಹೆಸರು ಹೊತ್ತು ಕೂತು ಇಪ್ಪತ್ತು ವರ್ಷವಾಗಿತ್ತು. ಹಾಗೆ ವಿಂಗಡಿಸಿದವರು ವಿಭಾಗದ ಮುಖ್ಯಸ್ಥರಾದ ಚನ್ನವೀರಪ್ಪನವರು. ಎರಡೂ ಒಂದೇ ಜಾತಿ, ಕಪ್ಪು ಗಂಡು, ಬಿಳಿ ಹೆಣ್ಣು ಎಂದು ಗಿರಿಜಾದೇವಿಗೆ ಗುಮಾನಿ. ಒಂದೇ ಮರದಲ್ಲಿ ಎರಡೂ ಸಿಗುತ್ತವಲ್ಲ ಎಂದು ಅವಳು ಹೇಳಿದಾಗ ಅವರು ಬೇಸರಿಸದೆ, “ಒಂದೇ ಬೇಲಿ ಮೇಯ್ದ ಮಾತ್ರಕ್ಕೆ ಆಡು ಕುರಿ ಒಂದಾಗ್ತವೇನಮ್ಮ? ಜೋಡಿಯಾಗಿದ್ದು ನೋಡಿದೀರಾ?” ಎಂದಿದ್ದರು.

ನೋಡಿರಲಿಲ್ಲ. ಅದಕ್ಕೇ ಕೆಂಗೇರಿ ಕೆರೆಯ ಬದಿಯ ಮರದಿಂದ ನಲವತ್ತು ಹುಳು ತಂದು ಸಾಕಿದಳು. ಊಟದ ಮೇಜೆಲ್ಲ ಸೊಪ್ಪಿನ ಡಬ್ಬಗಳಾಗಿ, ಗಂಡ ರೇವಣಸಿದ್ದಯ್ಯ ಮೂರು ವಾರ ನಿಂತುಕೊಂಡೇ ಉಂಡ. ಗೂಡೊಡೆದು ಮೊದಲು ಬಂದವೆಲ್ಲ ಕಪ್ಪು. ಬಿಳಿಯವು ಹೊರಬಿದ್ದದ್ದು ಆ ಬೆಳಿಗ್ಗೆಯೇ. ರೆಕ್ಕೆ ಬಲಿಯುವಷ್ಟು ಹೊತ್ತು ಕಾದು, ಎಲ್ಲವನ್ನೂ ಡಬ್ಬಕ್ಕೆ ತುಂಬಿ ಓಡಿ ಬಂದಿದ್ದಳು.

ನಾಯಂಡಹಳ್ಳಿ ದಾಟುವಾಗ ಬಸ್ಸು ಗುಂಡಿಗಿಳಿದು ಎದ್ದಿತು. ಡಬ್ಬ ಹಾರಿ ಮುಚ್ಚಳ ಕಳಚಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಬಸ್ಸಿನ ತುಂಬ ಕಪ್ಪು ಬಿಳಿ ರೆಕ್ಕೆಗಳು ಓಲಾಡತೊಡಗಿದವು. ಕಂಡಕ್ಟರ್ ಅಂಜಿನಯ್ಯ ಸೀಟಿ ಊದಿ ಬಸ್ಸು ನಿಲ್ಲಿಸಿದ. ಗಿರಿಜಾದೇವಿ ಎದ್ದು ನಿಂತು, ದಯವಿಟ್ಟು ಯಾರೂ ಹೊಡೆಯಬೇಡಿ, ಕಿಟಕಿ ಮುಚ್ಚಿ ಎಂದು ಕೈಮುಗಿದಳು. ಆಶ್ಚರ್ಯವೆಂದರೆ ಎಲ್ಲರೂ ಮುಚ್ಚಿದರು.

“ಚಿಟ್ಟೆ ತಾನೇ ಮೇಡಂ?” ಎಂದ ಅಂಜಿನಯ್ಯ.

“ಪತಂಗ ಕಣಪ್ಪ.”

“ಪತಂಗ ರಾತ್ರಿ ದೀಪಕ್ಕಲ್ವಾ ಬರೋದು?”

ಇವುಗಳ ಕುಟುಂಬವೇ ಹಗಲಿನದು, ಮೈಯಲ್ಲಿ ವಿಷವಿರುವುದರಿಂದ ಹಕ್ಕಿಗಳಿಗೆ ಹೆದರದೆ ಬಿಸಿಲಲ್ಲೇ ಮೆರೆಯುತ್ತವೆ ಎಂದು ಅವಳು ವಿವರಿಸಿದಳು. ವಿಷ ಎಂದೊಡನೆ ನಾಲ್ಕು ಜನ ಬಾಗಿಲ ಕಡೆ ಸರಿದರು. ತಿಂದರೆ ಮಾತ್ರ ಎಂದ ಮೇಲೆ ಹಿಂದಿರುಗಿದರು. ಒಂದನ್ನು ಹಿಡಿದು, ಹಿಂದಿನ ರೆಕ್ಕೆಯಿಂದ ಮುಂದಿನದಕ್ಕೆ ಸಿಕ್ಕಿಸಿಕೊಂಡಿದ್ದ ಮುಳ್ಳಿನಂಥ ಕೂದಲನ್ನು ಭೂತಗನ್ನಡಿಯಲ್ಲಿ ತೋರಿಸಿದಳು. ಚಿಟ್ಟೆಗೆ ಈ ಕೊಕ್ಕೆ ಇರುವುದಿಲ್ಲ. ಭೂತಗನ್ನಡಿ ಸೀಟಿನಿಂದ ಸೀಟಿಗೆ ಹೋಯಿತು. ಆಫೀಸಿಗೆ ಹೊತ್ತಾಗುತ್ತಿದೆ ಎಂದು ಗೊಣಗುತ್ತಿದ್ದವರೇ ತಮ್ಮ ಸರದಿಗೆ ಜಗಳವಾಡಿದರು.

ಆಗ ಹಿಂದಿನ ಸೀಟಿನಿಂದ ಹೂ ಮಾರುವ ಚಿಕ್ಕಗಂಗಮ್ಮ ಕರೆದಳು. “ಮೇಡಮ್ಮೋರೆ, ನಿಮ್ಮ ಕರೀದೂ ಬಿಳೀದೂ ಇಲ್ಲಿ ಸಂಸಾರ ಹೂಡವೆ, ನೋಡ್ಬನ್ನಿ.”

ಅವಳ ಬುಟ್ಟಿಯ ಸೇವಂತಿಗೆಯ ಮೇಲೆ ಒಂದು ಕಪ್ಪು, ಒಂದು ಬಿಳಿ, ಬಾಲಕ್ಕೆ ಬಾಲ ಅಂಟಿಸಿಕೊಂಡು ಆ ಕಡೆಗೊಂದು ಈ ಕಡೆಗೊಂದು ಮುಖ ಮಾಡಿ ಕೂತಿದ್ದವು. ಗಿರಿಜಾದೇವಿ ಸೀಟು ಹಿಡಿದು ಬಾಗಿ ನೋಡಿದಳು. ಮದುವೆ ಮನೆಯಲ್ಲಿ ತಾಳಿ ಕಟ್ಟುವುದನ್ನು ನೋಡಲು ನುಗ್ಗುವ ಹಾಗೆ ಜನ ನುಗ್ಗಿದರು. ಅಂಜಿನಯ್ಯ ಎರಡು ಕೈ ಚಾಚಿ ತಡೆದ. ಇವು ಗಂಟೆಗಟ್ಟಲೆ ಹೀಗೇ ಇರುತ್ತವೆಂದು ಅವಳು ಹೇಳಿದಾಗ ಯಾರೋ ಮುದುಕರು ಕೆಮ್ಮಿದರು. ಉಳಿದವು ಡಬ್ಬ ಸೇರಿದ ಮೇಲೆ ಡ್ರೈವರಿಗೆ ನಿಧಾನ ಹೋಗೆಂದು ಅಪ್ಪಣೆಯಾಯಿತು. ಬಸ್ಸು ಬಸುರಿಯನ್ನು ಕರೆದೊಯ್ಯುವ ಗಾಡಿಯಂತೆ ಅತ್ತಿಗುಪ್ಪೆ, ವಿಜಯನಗರ ದಾಟಿತು. ಇಳಿಯುವವರು ಜೋಡಿಯ ಮುಖ ನೋಡಿಯೇ ಇಳಿದರು.

ಬುಟ್ಟಿ ಬಿಟ್ಟುಕೊಡಲು ಒಪ್ಪದ ಚಿಕ್ಕಗಂಗಮ್ಮ, ಬುಟ್ಟಿ ಹೊತ್ತು ಜೊತೆಗೇ ಕಾಲೇಜಿಗೆ ಬಂದಳು. ಚನ್ನವೀರಪ್ಪನವರು ಬಾಗಿದರು, ಕನ್ನಡಕ ಒರೆಸಿಕೊಂಡರು, ಮತ್ತೆ ಬಾಗಿದರು.

“ಇಪ್ಪತ್ತು ವರ್ಷ ಗಂಡ ಹೆಂಡ್ತೀನ ಬೇರೆ ಬೇರೆ ಪೆಟ್ಟಿಗೇಲಿ ಇಟ್ಟುಬಿಟ್ನಲ್ಲಮ್ಮ,” ಎಂದರು ಅವರು.

“ಪಾಪ, ಈಗ್ಲಾದ್ರೂ ಒಟ್ಟಿಗೆ ಮಲಗ್ಸಿ ಸಾಮಿ,” ಎಂದಳು ಚಿಕ್ಕಗಂಗಮ್ಮ.

ಅವರು ತಾವೇ ಬಿಳಿಯ ಪತಂಗದ ಚೀಟಿ ಕಿತ್ತು, ಅದನ್ನು ಕಪ್ಪಿನ ಪಕ್ಕಕ್ಕೆ ಚುಚ್ಚಿದರು. ಇದನ್ನು ಹುಡುಗಿಯರಿಗೆ ಈಗಲೇ ಹೇಳಿ ಎಂದು ಗಿರಿಜಾದೇವಿಯನ್ನು ತರಗತಿಗೆ ಅಟ್ಟಿದರು. ಅವಳು ಹಲಗೆಯ ಮುಂದೆ ನಿಂತು ಬಾಯಿ ತೆರೆದಳು, ಮಾತಿನ ಬದಲು ನಗು ಬಂತು. ತಡೆದಷ್ಟೂ ಉಕ್ಕಿತು. ಸೆರಗು ಬಾಯಿಗೊತ್ತಿಕೊಂಡು ಮೇಜು ಹಿಡಿದು ನಿಂತಳು. ಅರವತ್ತು ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕಾರಣವೇ ಗೊತ್ತಿಲ್ಲದೆ, ಒಬ್ಬೊಬ್ಬರಾಗಿ ನಗತೊಡಗಿದರು.