ನಿಂಬೆವ್ವನ ಕೌದಿ ಬಾಯಿ ಬಿಟ್ಟ ದಿನ

ನಾನು ಒಂದು ಕೌದಿ. ರಜಾಯಿ ಅಲ್ಲ, ಕಂಬಳಿ ಅಲ್ಲ, ಕ್ವಿಲ್ಟ್ ಅಂತೂ ಮೊದಲೇ ಅಲ್ಲ. ಹಾಗೆ ಕರೆದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ವಯಸ್ಸಾಯಿತು, ಸಿಟ್ಟು ಬಿಡು ಎನ್ನುವವರು ಅನ್ನಲಿ. ನನ್ನ ಮೈಯಲ್ಲಿ ಐದು ಪದರ ಹಳೇ ಬಟ್ಟೆಯಿದೆ. ಒಂದೊಂದು ಪದರದಲ್ಲೂ ಒಂದಿಷ್ಟು ಸಿಟ್ಟು ಇಟ್ಟುಕೊಳ್ಳಲು ಬೇಕಾದಷ್ಟು ಜಾಗವಿದೆ.

ನಾನು ಹುಟ್ಟಿದ್ದು ರೋಣದ ಹತ್ತಿರದ ಒಂದು ಊರಿನಲ್ಲಿ, ನಿಂಬೆವ್ವ ಹೂಗಾರಳ ಪಡಸಾಲೆಯಲ್ಲಿ. ಅವಳ ಮೊಮ್ಮಗಳು ಚಂಪಾಗೆ ಆಗ ಮೂರು ವರ್ಷ. ಅಜ್ಜಿಯ ಸೆರಗು ಮುಷ್ಟಿಯಲ್ಲಿ ಹಿಡಿಯದೆ ಹುಡುಗಿಗೆ ನಿದ್ದೆ ಬರುತ್ತಿರಲಿಲ್ಲ. ಹೂ ಕಟ್ಟಿ ಕಟ್ಟಿ ಸೊಂಟ ಹಿಡಿದ ನಿಂಬೆವ್ವನಿಗೆ ಕೊನೆಗೊಂದು ದಿನ ಸಾಕಾಯಿತು. "ಈ ಪೋರಿಗೆ ನನ್ನ ಸೀರೀನ ಕೌದಿ ಮಾಡಿ ಹೊಚ್ಚತೇನಿ. ಸೆರಗ ಹಿಡಕೊಂಡು ಮಲಗಲಿ, ನನ್ನ ಬಿಡಲಿ" ಎಂದು ಟ್ರಂಕು ತೆಗೆದಳು. ಅವಳ ಮದುವೆಯ ಇಳಕಲ್ ಸೀರೆ ನನ್ನ ಮೇಲ್ಮೈ ಆಯಿತು. ಗಂಡನ ಎರಡು ಧೋತರ ಒಳಪದರವಾದವು. ಚಂಪಾಳ ಕುಂಚಿಗೆ, ಲಂಗ, ಹರಿದ ಕುಪ್ಪಸ ಎಲ್ಲ ತುಂಡು ತುಂಡಾಗಿ ನನ್ನ ಮೈಮೇಲೆ ಕುಳಿತವು. ಓಣಿಯ ಇಬ್ಬರು ಹೆಂಗಸರು ಆಚೆ ಬದಿ ಕೂತು ಹೊಲಿದರು. ನನ್ನ ಮೇಲೆ ಅವರು ಆಡದ ಮಾತಿಲ್ಲ, ಬಯ್ಯದ ಬೀಗರಿಲ್ಲ.

ನಮ್ಮಲ್ಲಿ ಒಂದು ಪದ್ಧತಿಯಿದೆ. ಕೌದಿ ಹೊಲಿದು ಮುಗಿಸುವ ಮುಂಚೆ ಒಂದು ಮೂಲೆಯನ್ನು ಗೇಣುದ್ದ ತೆರೆದು ಬಿಡುತ್ತಾರೆ. ಅದು ಕೌದಿಯ ಹೊಟ್ಟೆ. ಹಸಿದ ಕೌದಿ ಬೆಚ್ಚಗೆ ಮಾಡುವುದಿಲ್ಲ ಎಂದು ಅದರೊಳಗೆ ನಾಲ್ಕು ಕಾಳು ಜೋಳ ಹಾಕುತ್ತಾರೆ. ಜೊತೆಗೆ ಯಾರಿಗಾಗಿ ಹೊಲಿದದ್ದೋ ಅವರ ಒಂದು ವಸ್ತು. ಆಮೇಲೆ ಮೂರು ಮೂಲೆಯ ತೇಪೆ ಹಾಕಿ ಹೊಟ್ಟೆ ಮುಚ್ಚುತ್ತಾರೆ. ಏನು ಹಾಕಿದೆ ಎಂದು ಹೊದೆಯುವವರಿಗೆ ಹೇಳುವ ಹಾಗಿಲ್ಲ. ನಿಂಬೆವ್ವ ನನ್ನ ಹೊಟ್ಟೆಗೆ ಹಾಕಿದ್ದು ಚಂಪಾಳ ಕಾಲಿನ ಬೆಳ್ಳಿ ಸರದಿಂದ ಬಿಚ್ಚಿದ ಒಂದು ಗೆಜ್ಜೆ. ಅರಿವೆಯ ಚೂರಿನಲ್ಲಿ ಬಿಗಿಯಾಗಿ ಸುತ್ತಿ, ಸದ್ದಾಗದಂತೆ ಇಟ್ಟಳು. ಅದು ಗೊತ್ತಿದ್ದದ್ದು ಅವಳಿಗೆ ಮತ್ತು ನನಗೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಚಂಪಾ ನನ್ನ ಕೆಳಗೆ ಬೆಳೆದಳು. ಜ್ವರ, ಪರೀಕ್ಷೆ, ಅಳು, ಎಲ್ಲ ನನಗೆ ಗೊತ್ತು. ಬಿ.ಕಾಂ. ಮುಗಿಸಿ ಬೆಂಗಳೂರಿನ ಒಂದು ವಿಶ್ವವಿದ್ಯಾಲಯದಲ್ಲಿ ಫ್ಯಾಷನ್ ಬ್ರ್ಯಾಂಡ್ ಮ್ಯಾನೇಜ್‌ಮೆಂಟ್ ಓದುತ್ತೇನೆ ಎಂದಾಗ ನಿಂಬೆವ್ವ ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

"ಅಲ್ಲೇನ್ ಬಟ್ಟಿ ಹೊಲಿಯೂದು ಕಲಸ್ತಾರೇನು?"

"ಇಲ್ಲಬೇ ಆಯಿ. ಹೊಲದ ಬಟ್ಟಿಗೆ ಹೆಸರ ಕೊಟ್ಟು, ಮಂದಿ ಅದನ್ನ ನೆನಪಿಡೂ ಹಂಗ ಮಾಡೂದು ಕಲಸ್ತಾರ."

"ಅಯ್ಯ ನನ್ನ ಶಿವನ! ಅದಕ್ಕ ಎರಡ ವರ್ಷ ಬೇಕ?"

ನಕ್ಕರೂ ಕಳಿಸಿದಳು. ಹೋಗುವಾಗ ನನ್ನನ್ನು ಮಡಿಚಿ ಚೀಲದ ತಳಕ್ಕೆ ಹಾಕಿದಳು.

ಹಾಸ್ಟೆಲಿನ ಮಂಚದ ಮೇಲೆ ಬಿದ್ದುಕೊಂಡು ನಾನೂ ಆ ವಿದ್ಯೆ ಕಲಿತೆ. ಚಂಪಾ ಪಾಠಗಳನ್ನು ಬಾಯಿಬಿಟ್ಟು ಓದುತ್ತಿದ್ದಳಲ್ಲ! ಗಿರಾಕಿ ಯಾರು, ಅವರಿಗೆ ಏನು ಬೇಕು, ಅಂಗಡಿಯ ಗಾಜಿನ ಹಿಂದೆ ಏನಿಡಬೇಕು, ಚೀಟಿಯ ಮೇಲೆ ಎಂಥ ಅಕ್ಷರ ಬರಬೇಕು. ಅವಳಿಗೆ ಅದು ಹಿಡಿಸಿತ್ತು. ಆದರೆ ಒಂದು ಪ್ರಶ್ನೆ ಅವಳನ್ನು ಬಿಡಲೇ ಇಲ್ಲ. ಚೀಟಿಯ ಮೇಲೆ ಕಂಪನಿಯ ಹೆಸರಿದೆ, ಮಾಲೀಕರ ಹೆಸರಿದೆ, ಹೊಲಿದವಳ ಹೆಸರು ಎಲ್ಲಿ? ಕೊನೆಯ ವರ್ಷದ ಪ್ರಾಜೆಕ್ಟಿಗೆ ಅದನ್ನೇ ಹಿಡಿದಳು. ಕೌದಿಗಳ ಒಂದು ಬ್ರ್ಯಾಂಡು, ಪ್ರತಿ ಕೌದಿಯ ಚೀಟಿಯಲ್ಲಿ ಹೊಲಿದವಳ ಹೆಸರು, ಊರು. ನಾಲ್ಕು ತಿಂಗಳು ಊಟ ನಿದ್ದೆ ಬಿಟ್ಟು ಬರೆದಳು. ಅದು ಪಾಸಾದರೆ ಪದವಿ, ಇಲ್ಲದಿದ್ದರೆ ಎರಡು ವರ್ಷವೂ ನೀರುಪಾಲು.

ಅವಳಿಗೆ ಪಾಠ ಹೇಳುತ್ತಿದ್ದವರು ವಸುಂಧರಾ ಮೇಡಂ. ಕೈಮಗ್ಗದ ಸೀರೆ, ದೊಡ್ಡ ಕುಂಕುಮ, ಜೇನಿನಂಥ ಮಾತು. "ಜನ ಬಟ್ಟೆ ಕೊಳ್ಳಲ್ಲ ಚಂಪಾ, ಕಥೆ ಕೊಳ್ತಾರೆ" ಎನ್ನುತ್ತಿದ್ದರು. ಚಂಪಾ ನನ್ನನ್ನು ತರಗತಿಗೆ ಒಯ್ದು ಮೇಜಿನ ಮೇಲೆ ಹಾಸಿದ ದಿನ ಆ ಮಹಾತಾಯಿ ನನ್ನ ಮೈಯೆಲ್ಲ ಸವರಿದರು. "ಎಷ್ಟು ಅಥೆಂಟಿಕ್ ಪೀಸು! ಎರಡು ವಾರ ನನ್ನ ಹತ್ರ ಇರ್ಲಮ್ಮ, ಫೋಟೋ ತೆಗೆಸಿ ಕೊಡ್ತೀನಿ. ನಿನ್ನ ಪ್ರಾಜೆಕ್ಟಿಗೇ ಒಳ್ಳೇದು" ಎಂದರು. ಗುರುಗಳು ಕೇಳಿದರೆ ಇಲ್ಲ ಎನ್ನುವುದು ಹೇಗೆ? ನನ್ನ ಜೊತೆಗೆ ಪ್ರಾಜೆಕ್ಟಿನ ಕರಡನ್ನೂ ಕೊಟ್ಟುಬಿಟ್ಟಳು, ನನ್ನ ಪೆದ್ದು ಬಂಗಾರ.

ಎರಡು ವಾರ ಎರಡು ತಿಂಗಳಾಯಿತು. ನಾನು ಮೇಡಂ ಮನೆಯ ಬಿಳಿ ಸೋಫಾದ ಮೇಲೆ ಕುಳಿತು ಬಂದವರಿಗೆಲ್ಲ ದರ್ಶನ ಕೊಡುತ್ತಿದ್ದೆ. "ಇದು ನಮ್ಮಜ್ಜಿ ಹೊಲಿದಿದ್ದು. ನಲವತ್ತು ವರ್ಷದ್ದು" ಎಂದು ಅವರು ಹೇಳಿದ್ದನ್ನು ಮೊದಲ ಸಲ ಕೇಳಿದಾಗ ನನ್ನ ಎಳೆ ಎಳೆಯೂ ಉರಿಯಿತು. ಅಜ್ಜಿಯಂತೆ, ಅಜ್ಜಿ! ಬಾಯಿದ್ದರೆ ಅಲ್ಲೇ ಜಾಡಿಸುತ್ತಿದ್ದೆ. ಬಾಯಿ ಇರಲಿಲ್ಲ, ಬಣ್ಣವಿತ್ತು. ಹತ್ತೊಂಬತ್ತು ವರ್ಷ ತಣ್ಣೀರಲ್ಲೇ ಒಗೆಸಿಕೊಂಡ ನನ್ನನ್ನು ಅವರು ಬಿಸಿನೀರಿನ ಮಷೀನಿಗೆ ಹಾಕಿ, ಸರಿಯಾಗಿ ಒಣಗುವ ಮುಂಚೆ ಮತ್ತೆ ಸೋಫಾದ ಮೇಲೆ ಹರಡಿದರು. ಬಿಟ್ಟೆ ನೋಡಿ, ಇಳಕಲ್ ಸೀರೆಯ ಕೆಂಪನ್ನೆಲ್ಲ! ಆ ಬಿಳಿ ಸೋಫಾ ಯಾರೋ ಎಲೆಅಡಿಕೆ ಉಗುಳಿದಂತಾಯಿತು. ಅವರು ತಿಕ್ಕಿದರು, ಆಳಿನಿಂದ ತಿಕ್ಕಿಸಿದರು, ಬಯ್ದರು. ನನಗೆ ಅವತ್ತು ಹೊಟ್ಟೆ ತುಂಬಾ ಉಂಡಷ್ಟು ಸಮಾಧಾನವಾಯಿತು.

ಅದಕ್ಕೆ ಅವರು ಕೊಟ್ಟ ಶಿಕ್ಷೆಯೂ ಸಣ್ಣದಲ್ಲ. ರೇಷ್ಮೆ ದಾರದಲ್ಲಿ "ನೂಲಜ್ಜಿ" ಎಂದು ನೇಯ್ದ ಒಂದು ಚೀಟಿ ತಂದು, ನನ್ನ ಮೂಲೆಯ ತೇಪೆಯ ಮೇಲೆ ಮಷೀನಿನಲ್ಲಿ ಕಟಕಟ ಹೊಲಿಸಿದರು. ಸರಿಯಾಗಿ ಹೊಟ್ಟೆಯ ಮೇಲೆಯೇ. ಒಳಗೇನಿದೆ ಎಂಬ ಅರಿವು ಅವರಿಗೆಲ್ಲಿಂದ ಬರಬೇಕು?

ನೂಲಜ್ಜಿ ಅವರ ಹೊಸ ಬ್ರ್ಯಾಂಡು. ಅದರ ಉದ್ಘಾಟನೆಯ ಫೋಟೋದಲ್ಲಿ ಮೇಡಂ ನನ್ನನ್ನು ಹೆಗಲ ಮೇಲೆ ಹೊದ್ದು ನಿಂತಿದ್ದನ್ನು ಚಂಪಾ ತನ್ನ ಮೊಬೈಲಿನಲ್ಲಿ ನೋಡಿದಳು. ಕೆಳಗೆ ಅವಳೇ ಬರೆದ ಸಾಲುಗಳು, ಒಂದು ಅಕ್ಷರ ಆಚೀಚೆಯಿಲ್ಲ. ಹೊಲಿದವಳ ಹೆಸರಿನ ಜಾಗದಲ್ಲಿ ಮಾತ್ರ ಮೇಡಂ ಅವರ ಅಜ್ಜಿಯ ಹೆಸರು. ಹುಡುಗಿ ಓಡುತ್ತ ಮೇಡಂ ಮನೆಗೇ ಬಂದಳು. ಸೋಫಾದ ಮೇಲೆ, ಮೂಲೆಯ ಚೀಟಿ ಎದ್ದು ಕಾಣುವಂತೆ ಮಡಿಚಿಟ್ಟ ನನ್ನನ್ನು ಕಂಡದ್ದೇ ಕಣ್ಣು ತುಂಬಿಕೊಂಡಳು.

"ಮೇಡಂ, ಇದು ನಮ್ಮಾಯಿ ಕೌದಿ ಅಲ್ಲೇನ್ರಿ?"

"ಚಂಪಾ, ಕೌದಿಗಳೆಲ್ಲ ಒಂದೇ ಥರ ಕಾಣ್ತವಮ್ಮ. ನಿನ್ನದು ಆವತ್ತೇ ಡಿಪಾರ್ಟ್‌ಮೆಂಟಲ್ಲಿ ಇಟ್ಟು ಬಂದಿದ್ದೀನಿ. ಕಳ್ಕೊಂಡ್ಯಾ?"

ಚಂಪಾ ಸೋಫಾದ ಪಕ್ಕದಲ್ಲೇ ನಿಂತಿದ್ದಳು. ನಾನು ಅವಳ ಕೈಗೆ ಎಟುಕುವಷ್ಟು ಹತ್ತಿರವಿದ್ದೆ. ಎಳೆದುಕೊಂಡು ಓಡಬಾರದೇ ಎಂದು ಎಷ್ಟು ಹಲುಬಿದೆನೋ! ಅವಳು ಓಡಲಿಲ್ಲ. ವಾರದೊಳಗೆ ಅವಳ ಪ್ರಾಜೆಕ್ಟು ವಾಪಸು ಬಂತು: ನೂಲಜ್ಜಿ ಬ್ರ್ಯಾಂಡಿನಿಂದ ನಕಲು ಮಾಡಲಾಗಿದೆ, ಅನುತ್ತೀರ್ಣ. ಕದ್ದವರೇ ಹುಡುಗಿಯನ್ನು ಕಳ್ಳಿ ಎಂದು ಬರೆದುಕೊಟ್ಟಿದ್ದರು.

ಮೂರು ದಿನ ಅತ್ತು ನಾಲ್ಕನೆಯ ದಿನ ಅವಳು ಎರಡು ಕೆಲಸ ಮಾಡಿದಳಂತೆ. ವಿಶ್ವವಿದ್ಯಾಲಯಕ್ಕೆ ದೂರು ಬರೆದಳು. ಅಜ್ಜಿಗೆ ಫೋನು ಮಾಡಿ ಎಲ್ಲ ಹೇಳಿದಳು. ನಿಂಬೆವ್ವ ಕೇಳಿದ್ದು ಒಂದೇ ಮಾತು: "ಆಕಿ ಮೂಲಿ ಬಿಚ್ಚ್ಯಾಳೇನು?"

"ಇಲ್ಲ ಆಯಿ. ಅದರ ಮ್ಯಾಲ ಚೀಟಿ ಹಚ್ಯಾಳ."

"ಹಚ್ಚಲಿ, ಹಚ್ಚಲಿ. ನಾ ಬರತೇನಿ. ಅಳಬ್ಯಾಡ."

ವಿಚಾರಣೆಯ ದಿನ ಬೆಳಿಗ್ಗೆ ಸಮಿತಿಯ ಕೋಣೆಗೆ ನನ್ನನ್ನು ಹೊತ್ತು ತಂದವರು ಯಾರು ಗೊತ್ತೇ? ವಸುಂಧರಾ ಮೇಡಂ ಅವರೇ! ನಲವತ್ತು ವರ್ಷದ ಮನೆತನದ ಸಾಕ್ಷಿ ಎಂದು ತೋರಿಸಲು. ಅಷ್ಟು ಸೊಕ್ಕು. ಮೇಜಿನ ಆಚೆ ಸಮಿತಿಯ ಅಧ್ಯಕ್ಷ ಶಾನಭಾಗ ಸರ್, ಪಕ್ಕದಲ್ಲಿ ಇನ್ನಿಬ್ಬರು. ಈಚೆ ಚಂಪಾ, ಮುಖದಲ್ಲಿ ರಕ್ತವಿಲ್ಲ. ಅವಳ ಪಕ್ಕ ಬಸ್ಸಿನಲ್ಲಿ ಬಂದು ಸೊರಗಿದ ನಿಂಬೆವ್ವ, ಮಡಿಲಲ್ಲಿ ಎಲೆಅಡಿಕೆಯ ಸಂಚಿ. ನನ್ನನ್ನು ಮೇಜಿನ ಮೇಲೆ ಹರಡಿದಾಗ ಅವಳು ದೂರದಿಂದಲೇ ಒಮ್ಮೆ ನೋಡಿದಳು. ಬಣ್ಣ ಹೋದ ಇಳಕಲ್ಲಿನ ಮೇಲೆ ಅವಳ ಕಣ್ಣು ನಿಂತಿತು. ಹಲ್ಲು ಕಚ್ಚಿದ್ದು ನನಗೆ ಕಾಣಿಸಿತು.

ಮೇಡಂ ಚೆನ್ನಾಗಿ ಮಾತಾಡಿದರು. ಅಜ್ಜಿ ಹೀಗೆ ಹೊಲಿಯುತ್ತಿದ್ದರು, ಹಾಗೆ ಹಾಡುತ್ತಿದ್ದರು ಎಂದು ಕಣ್ಣಂಚು ಒರೆಸಿಕೊಂಡರು. ಸಮಿತಿಯವರಲ್ಲಿ ಒಬ್ಬರು ಅಯ್ಯೋ ಪಾಪ ಎನ್ನುವಂತೆ ತಲೆಯಾಡಿಸಿದರು. ಚಂಪಾ ಹೇಳಿದ್ದಕ್ಕೆಲ್ಲ ಮೇಡಂ ಬಳಿ ಒಂದೇ ಉತ್ತರ: "ಇದಕ್ಕೆ ಪ್ರೂಫ್ ಏನಿದೆ?" ಆಗ ನಿಂಬೆವ್ವ ಎದ್ದಳು.

"ಸಾಹೇಬ್ರ, ನಾ ಒಂದ ಮಾತ ಕೇಳ್ಲೇನ್ರಿ?"

"ಕೇಳಿ ಅಜ್ಜಿ" ಎಂದರು ಶಾನಭಾಗ ಸರ್.

"ಅಕ್ಕಾರ, ನಿಮ್ಮಜ್ಜಿ ಇದರ ಹೊಟ್ಟ್ಯಾಗ ಏನ್ ಹಾಕ್ಯಾರ್ರಿ?"

ಮೇಡಂ ಒಂದು ಗಳಿಗೆ ಕಣ್ಣು ಪಿಳುಕಿಸಿ, ಆಮೇಲೆ ನಕ್ಕರು. "ಏನು ಹಾಕ್ತಾರೆ? ಹತ್ತಿ. ಶುದ್ಧ ದೇಸಿ ಹತ್ತಿ. ನಮ್ಮ ಕ್ಯಾಟಲಾಗ್‌ನಲ್ಲೂ ಪ್ರಿಂಟ್ ಆಗಿದೆ."

ನಿಂಬೆವ್ವ ನಕ್ಕಳು ನೋಡಿ! ಉಳಿದ ನಾಲ್ಕು ಹಲ್ಲೂ ಕಾಣುವಂತೆ ನಕ್ಕಳು. "ಕೌದ್ಯಾಗ ಹತ್ತಿ! ಗಾದಿ ಅಂತ ತಿಳದಾರ್ರೀ ಇವರು! ಸಾಹೇಬ್ರ, ನಿಮ್ಮವ್ವನ್ನರ ಕೇಳ್ರಿ, ಕೌದಿಗೆ ಹತ್ತಿ ಯಾರ ಹಾಕ್ತಾರ? ಒಳಗೂ ಅರಿವೀನ, ಹೊರಗೂ ಅರಿವೀನ. ಈ ಮೂಲ್ಯಾಗ ನಮ್ಮ ಹುಡುಗಿ ಕಾಲಿನ ಗೆಜ್ಜಿ ಐತ್ರಿ. ಇಲ್ಲಂದ್ರ ನಾ ಸುಳ್ಳಿ, ಹುಡುಗೀನೂ ಸುಳ್ಳಿ. ಹೊಳ್ಳಿ ಊರಿಗೆ ಹೊಕ್ಕೇವಿ."

ಚಂಪಾ ತಿರುಗಿ ಅಜ್ಜಿಯನ್ನು ನೋಡಿದಳು. ಅವಳಿಗೂ ಅದು ಗೊತ್ತಿರಲಿಲ್ಲವಲ್ಲ. ಬಿಸಿನೀರು, ಮಷೀನು, ಎಲ್ಲ ದಾಟಿ ಅದು ಉಳಿದಿದೆಯೋ ಇಲ್ಲವೋ ಎಂಬ ಭಯ ಅವಳ ಮುಖದ ಮೇಲಿತ್ತು. ಇದೆ ಮಗಾ, ಇದೆ, ಎಂದು ನಾನು ಒಳಗೇ ಕೂಗಿದೆ. ಆ ಮಷೀನಿನಲ್ಲಿ ಗಿರಗಿರ ತಿರುಗುವಾಗಲೂ ಅದನ್ನು ಬಿಗಿಹಿಡಿದುಕೊಂಡೇ ಇದ್ದೆನಲ್ಲ, ಇದೇ ದಿನಕ್ಕಾಗಿ.

"ಸರ್, ಅದು ಹೆರಿಟೇಜ್ ಪೀಸು, ಕತ್ತರಿಸಬಾರದು" ಎಂದು ಮೇಡಂ ಮುಂದೆ ಬಂದರು. ಈಗ ಅವರ ದನಿಯಲ್ಲಿ ಜೇನಿರಲಿಲ್ಲ.

"ನಾ ಹೊಲದದ್ದನ್ನ ನಾ ಬಿಚ್ಚಾಕ ನಿಮ್ಮ ಪರವಾನಗಿ ಬೇಕೇನ್ರಿ?" ಎಂದ ನಿಂಬೆವ್ವ, ಶಾನಭಾಗ ಸರ್ ತಲೆಯಾಡಿಸಿದ್ದೇ ತಡ, ಕತ್ತರಿಗೂ ಕಾಯಲಿಲ್ಲ. ಅಡಿಕೆ ಕತ್ತರಿಸುವ ಅಡಕೊತ್ತಿಯನ್ನೇ ತೆಗೆದು ಚೀಟಿಯ ಹೊಲಿಗೆಗೆ ಕೊಟ್ಟಳು. ನೂಲಜ್ಜಿ ಕಿತ್ತು ಬಂತು. ಕೆಳಗಿನ ತೇಪೆಯ ದಾರವನ್ನು ಹಲ್ಲಿನಿಂದ ಕಚ್ಚಿ ಎಳೆದಳು. ಎರಡು ಬೆರಳು ನನ್ನ ಹೊಟ್ಟೆಯೊಳಗೆ ಬಂದವು. ಹತ್ತೊಂಬತ್ತು ವರ್ಷದ ಮೇಲೆ ಅವೇ ಬೆರಳು! ಜೋಳ ಹುಡಿಯಾಗಿ ಉದುರಿತು. ಅರಿವೆಯ ಗಂಟು ಹೊರಬಂತು. ಬಿಚ್ಚಿದರೆ ಕಪ್ಪಾದ ಪುಟ್ಟ ಬೆಳ್ಳಿ ಗೆಜ್ಜೆ. ನಿಂಬೆವ್ವ ಸಂಚಿಯಿಂದ ಮಗುವಿನ ಕಾಲಿನ ಸರ ತೆಗೆದು ಪಕ್ಕಕ್ಕಿಟ್ಟಳು. ಆರು ಕೊಂಡಿ, ಐದು ಗೆಜ್ಜೆ. ಖಾಲಿ ಕೊಂಡಿಗೆ ಶಾನಭಾಗ ಸರ್ ತಾವೇ ಆರನೆಯದನ್ನು ಹಿಡಿದು ನೋಡಿದರು. ಅದೇ ಅಚ್ಚು, ಅದೇ ಅಳತೆ.

ನಾನು ಬಾಯಿ ಬಿಟ್ಟಿದ್ದು ಹೀಗೆ. ಮೇಡಂ ಮುಖ ಸುಣ್ಣ ಬಳಿದಂತಾದದ್ದನ್ನು ನಾನು ಕಣ್ತುಂಬ ನೋಡಿದೆ. ಚಂಪಾ ನನ್ನ ಮೇಲೆ ಮುಖವಿಟ್ಟು ಗೊಳೋ ಎಂದು ಅತ್ತಳು. ಅವಳ ಪ್ರಾಜೆಕ್ಟು ಪಾಸಾಯಿತು, ಪದವಿ ಬಂತು. ನೂಲಜ್ಜಿಯ ಅಂಗಡಿ ಬಾಗಿಲು ಹಾಕಿತು. ವಸುಂಧರಾ ಮೇಡಂ ನಿಂಬೆವ್ವನ ಮನೆಗೆ ಹೋಗಿ, ಅವಳೆದುರು ಕ್ಷಮಾಪಣೆಯ ಪತ್ರ ಓದಿ ಕೊಟ್ಟು ಬರಬೇಕೆಂದು ಸಮಿತಿ ಬರೆಯಿತು.

ಈಗ ನಾನು ಮುದಿಯಾಗಿದ್ದೇನೆ. ಅಂಚು ಸವೆದಿದೆ, ಧೋತರದ ಪದರ ಜಾಳಾಗಿದೆ. ಊರಲ್ಲಿ ಚಂಪಾಳ ಕೌದಿ ಕೇಂದ್ರ ನಡೆಯುತ್ತಿದೆ. ಅಲ್ಲಿಂದ ಹೊರಡುವ ಪ್ರತಿ ಕೌದಿಯ ಚೀಟಿಯಲ್ಲೂ ಹೊಲಿದಾಕೆಯ ಹೆಸರಿದೆ. ನಾನು ಪಡಸಾಲೆಯ ಟ್ರಂಕಿನ ಮೇಲೆ ಬಾಗಿಲಿಗೆ ಮುಖ ಮಾಡಿ ಮಲಗಿರುತ್ತೇನೆ. ಕ್ಷಮಿಸುವುದು ದೊಡ್ಡ ಗುಣ ಎಂದು ಬಂದವರು ಆಡಿಕೊಳ್ಳುವುದು ಕಿವಿಗೆ ಬೀಳುತ್ತದೆ. ಇರಬಹುದು. ನನಗೆ ಮಾತ್ರ ಬೇಜಾರಾದಾಗ ನೆನೆಯಲು ಮೇಡಂ ಇಲ್ಲಿಗೆ ಬಂದ ದಿನವೇ ಬೇಕು.

ಹೊಸ್ತಿಲಲ್ಲಿ ನಿಂಬೆವ್ವ ಹೊಲಿದ ಒಂದು ಕಾಲೊರಸು ಬಿದ್ದಿತ್ತು. "ಬರ್ರಿ ಅಕ್ಕಾರ. ಕಾಲ ಒರಸ್ಕೊಂಡ ಬರ್ರಿ, ಅಂಗಳದಾಗ ಕೆಸರೈತಿ" ಎಂದಳು. ಮೇಡಂ ಒಂದು ಕಾಲು ಒರೆಸಿದರು, ಇನ್ನೊಂದನ್ನೂ ಒರೆಸಿದರು, ಆಮೇಲೆ ಕೆಳಗೆ ನೋಡಿದರು. ಕಾಲೊರಸಿನ ನಟ್ಟನಡುವೆ ಅದೇ ರೇಷ್ಮೆ ದಾರದ ನೂಲಜ್ಜಿ ಚೀಟಿ, ಕೆಸರು ಮೆತ್ತಿಕೊಂಡು. ಅದನ್ನು ದಾಟಿ ಒಳಗೆ ಬಂದರು. ಬಂದವರನ್ನು ಬರೀ ನೆಲದ ಮೇಲೆ ಕೂರಿಸುವುದು ನಮ್ಮಲ್ಲಿಲ್ಲ. ನಿಂಬೆವ್ವ ನನ್ನನ್ನೇ ಹಾಸಿದಳು. ಹೊಟ್ಟೆಯನ್ನು ಮತ್ತೆ ಮುಚ್ಚುವಾಗ ಅವಳು ಗೆಜ್ಜೆಗೆ ಅರಿವೆ ಸುತ್ತಿರಲಿಲ್ಲ. ಮೇಡಂ ಕೂತದ್ದು ಸರಿಯಾಗಿ ಆ ಮೂಲೆಯ ಮೇಲೆ. ಝಿಲ್ ಎಂದೆ. ಅವರು ಚೇಳು ಕಚ್ಚಿದಂತೆ ಎದ್ದು, ಬರೀ ನೆಲಕ್ಕೇ ಸರಿದು, ಪತ್ರ ಬಿಡಿಸಿ ಓದಿದರು: ಈ ಕೌದಿಯನ್ನು ಹೊಲಿದವರು ನಿಂಬೆವ್ವ ಹೂಗಾರ, ನಾನು ಹೇಳಿದ್ದೆಲ್ಲ ಸುಳ್ಳು.

ಹಿತ್ತಲಲ್ಲಿ ಬೆಕ್ಕು ಹಾಲಿನ ಕಡೆ ಹೊರಟರೂ ನಿಂಬೆವ್ವನಿಗೆ ಪಡಸಾಲೆಯಲ್ಲಿ ಕೇಳಿಸುತ್ತದೆ. ಅವತ್ತು ಅವಳು ಕಿವಿಯ ಹಿಂದೆ ಕೈಯಿಟ್ಟು ಮುಂದೆ ಬಾಗಿದಳು.

"ಕಿವಿ ಮಂದ ಆಗ್ಯಾವ್ರಿ ಅಕ್ಕಾರ. ಮೊದಲಿಂದ ಇನ್ನೊಮ್ಮೆ ಓದ್ರಿ. ಓಣಿ ಮಂದಿಗೂ ಕೇಳೂ ಹಂಗ ಓದ್ರಿ."