ಹೊಸ್ತಿಲ ಮೇಲಿನ ಕುಬೇರಪ್ಪ ಕಾಕಾ

ಯರಗುಪ್ಪಿಯ ರೈತರಿಗೆಂದು ಸೌಂದರ್ಯಾ ಹತ್ತಿ, ಮೆಣಸಿನಕಾಯಿ ದರ ತೋರಿಸುವ ಆ್ಯಪ್ ಮಾಡಿದ್ದಳು. ಪಕ್ಕದ ಮನೆಯ ಕುಬೇರಪ್ಪ ಕಾಕಾ ಮೊಬೈಲ್ ಹಿಡಿದು ಬಂದರು.

"ಅಕ್ಷರ ಹಿಂಗ ದೊಡ್ಡವು ಮಾಡಿಟ್ಟಿರ್ತೀನಿ. ಮುಂಜಾನೆ ನೋಡಿದ್ರ ಮತ್ತ ಇರುವಿ ಹಂಗ ಸಣ್ಣ ಆಗಿರ್ತಾವ ನೋಡವಾ!"

"ಅಕ್ಷರ ದೊಡ್ಡವು ಮಾಡೂ ಪುಟದಿಂದ ಹೊರಗ ಬಂದ್ರ ಉಳಿತಾವ್ರಿ ಕಾಕಾ."

ಮೊದಲು ಅಕ್ಷರ ಹಿಗ್ಗಿಸಲು ಬೆರಳು ಸರಿಸಿದಾಗಲೆಲ್ಲ ಆ್ಯಪ್ ಆ ಅಳತೆ ಉಳಿಸಲು ಹೋಗಿ, ಊರಿನ ನೆಟ್‌ವರ್ಕಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಹೊರಬರುವಾಗ ಒಂದೇ ಸಲ ಉಳಿಸಲಿ ಎಂದು ಅವಳೇ ಬದಲಿಸಿದ್ದಳು.

"ಆತು, ಬರ್ತೇನವಾ" ಎಂದು ಕಾಕಾ ಎದ್ದರು. ಹೊಸ್ತಿಲ ಮೇಲೆ ನಿಂತು, ಬಾಗಿಲ ಚೌಕಟ್ಟು ಹಿಡಿದು ಹತ್ತಿಯ ಮಾತು ತೆಗೆದರು. ಹತ್ತಿ ಮುಗಿದು ಎತ್ತು ಬಂತು, ಎತ್ತು ಮುಗಿದು ಬೀಗರು ಬಂದರು. ಅವರ ಕೈಯಲ್ಲಿ ಅದೇ ಪುಟ ತೆರೆದೇ ಇತ್ತು. ನೋಡನೋಡುತ್ತಲೇ ಚಾರ್ಜ್ ಮುಗಿದು ಮೊಬೈಲ್ ಬಂದ್ ಆಯಿತು.

ಸೌಂದರ್ಯಾ ಹಣೆ ಬಡಿದುಕೊಂಡಳು. ಬರ್ತೇನೆಂದವರು ಹೊರಡದ ಊರಿನಲ್ಲಿ, ಹೊರಡುವುದನ್ನೇ ಕಾಯುವ ಆ್ಯಪ್ ಮಾಡಿದ್ದಳಲ್ಲ! ಕಾಕಾನ ಮೊಬೈಲ್ ತೆಗೆದುಕೊಂಡು ಚಾರ್ಜಿಗೆ ಹಾಕಿ, ಅಲ್ಲೇ ಲ್ಯಾಪ್‌ಟಾಪ್ ತೆರೆದು, ಬೆರಳು ಎತ್ತಿದ ಕೂಡಲೇ ಉಳಿಸುವಂತೆ ಬದಲಿಸಿದಳು. ಕಾಕಾ ಮಾತು ಮುಗಿಸುವಷ್ಟರಲ್ಲಿ ಅವರ ಮೊಬೈಲ್ ಚಾರ್ಜ್ ಆಗಿ, ಹೊಸ ಆ್ಯಪ್ ಅದರಲ್ಲಿ ಕೂತಿತ್ತು.

"ಇನ್ನ ಬೆರಳ ಎತ್ತಿದ್ರ ಸಾಕ್ರಿ ಕಾಕಾ, ಹೊರಗ ಬರೂದ ಬ್ಯಾಡ."

"ಅಗದಿ ಚಲೋ ಆತು" ಎಂದು ಕಾಕಾ ಮತ್ತೆ ಒಳಬಂದು ಕೂತರು.

ಅಡುಗೆಮನೆಯಿಂದ ಅವ್ವ ಮಲ್ಲಕ್ಕ ಕೇಳಿದಳು: "ಮತ್ತ ಚಾ ಇಡಲೇನು, ಇಲ್ಲಾ ರೊಟ್ಟಿನ ಬಡೀಲೇನು?"