ಯಾವ ಯೂನಿಟ್?

ಮಸ್ಕಿಯಲ್ಲಿ ಸುಟ್ಟ ಮೋಟರುಗಳಿಗೆ ತಂತಿ ಸುತ್ತುವ ದುರುಗಪ್ಪನಿಗೆ ಲಿಂಗಸುಗೂರಿನ ಜಂಬಣ್ಣನೆಂದರೆ ಗುರು. ಹನ್ನೆರಡು ವರ್ಷ ಅವರ ಕೈಕೆಳಗೆ ಕೂತು ಕಲಿತವನು. "ಒಂದ್ ಯೂನಿಟ್ ಅಂದ್ರ ಮೂವತ್ತಾರು ಲಕ್ಷ ಜೌಲ್, ನೆನಪಿಡಲೇ" ಎಂದು ತಲೆಗೆ ಮೊಟಕಿ ಹೇಳಿಕೊಟ್ಟವರೂ ಅವರೇ.

ಈಗ ಅವರ ಅಂಗಡಿಯಲ್ಲಿ ಶಕ್ತಿಬಳೆಗಳೂ ಸಿಗುತ್ತಿದ್ದವು. ದುರುಗಪ್ಪನ ಹೆಂಡತಿ ಯಮನಮ್ಮನಿಗೆ ಸಕ್ಕರೆ ಕಾಯಿಲೆ. ಅವಳ ಕೈಗೆ ಜಂಬಣ್ಣ ತಾವೇ ಬಳೆ ತೊಡಿಸಿ, "ಇದ್ರಾಗ ಲಕ್ಷ ಕೋಟಿ ಯೂನಿಟ್ ಶಕ್ತಿ ಐತವ್ವ, ಇನ್ನ ಗುಳಿಗಿ ಯಾಕ?" ಎಂದಿದ್ದರು. ದುರುಗಪ್ಪನಿಗೆ ಗೊತ್ತಿದ್ದ ಯೂನಿಟ್ ಒಂದೇ, ಮೀಟರಿನಲ್ಲಿ ಓಡುವುದು. ಲಕ್ಷ ಕೋಟಿ ಯೂನಿಟ್ ಬಳೆಯೊಳಗೆ! ಬೇರೆ ಯಾರಾದರೂ ಹೇಳಿದ್ದರೆ ನಗುತ್ತಿದ್ದ. ಹೇಳಿದವರು ಗುರು, ನಂಬಿದ.

ಎರಡು ತಿಂಗಳಿಗೆ ಯಮನಮ್ಮ ತಲೆ ತಿರುಗಿ ಬಿದ್ದಳು. ಸಕ್ಕರೆ ನಾನೂರು ದಾಟಿತ್ತು. ಗುಳಿಗೆ ಬಿಟ್ಟರೆ ಜೀವಕ್ಕೇ ಕುತ್ತು ಎಂದು ಸಿಂಧನೂರಿನ ಡಾಕ್ಟರು ಬೈದು ಕಳಿಸಿದರು. ಮನೆಗೆ ಬಂದರೂ ಅವಳದು ಅದೇ ಹಟ: "ಬ್ಯಾಡಂದಾವ್ರು ಗುರುಗಳು. ಅವ್ರು ಹೇಳಿದ್ರ ನುಂಗ್ತೀನಿ, ನೀವು ಹೇಳಿದ್ರ ಇಲ್ಲ."

ಅವತ್ತು ಅವನು ಬಳೆಯ ಡಬ್ಬಿ ತಿರುವಿ ನೋಡಿದ. 'ಯೂನಿಟ್' ಎಂಬುದರ ಕೆಳಗೆ ಇರುವೆ ಸಾಲಿನಂಥ ಅಕ್ಷರ: ಎಲೆಕ್ಟ್ರಾನ್ ವೋಲ್ಟ್. ಮಗಳು ಜ್ಯೋತಿಯ ಪಿಯುಸಿ ಪುಸ್ತಕ ತೆಗೆದು ಲೆಕ್ಕ ಹಾಕಿದ. ಒಂದೇ ಒಂದು ಜೌಲ್ ಆಗಬೇಕಾದರೆ ಅರವತ್ತೆರಡು ಸಾವಿರ ಕೋಟಿ ಕೋಟಿ ಎಲೆಕ್ಟ್ರಾನ್ ವೋಲ್ಟ್ ಬೇಕು! ಬಳೆಯ ಶಕ್ತಿ ಅಷ್ಟೂ ಸೇರಿದರೂ ಒಂದು ಭತ್ತದ ಕಾಳನ್ನು ಕಾಳಿನ ದಪ್ಪದಷ್ಟು ಮೇಲೆತ್ತಲಾರದು.

ಲಿಂಗಸುಗೂರಿಗೆ ಹೋಗಿ ಡಬ್ಬಿಯನ್ನು ಗುರುವಿನ ಮುಂದಿಟ್ಟ.

"ನಾ ಎಲ್ಲಿ ಸುಳ್ಳು ಹೇಳೀನಲೇ ದುರುಗ್ಯಾ?" ಜಂಬಣ್ಣ ನಕ್ಕರು. "ಯೂನಿಟ್ ಅಂದೆ. ಯಾವ ಯೂನಿಟ್ ಅಂತ ನೀ ಕೇಳ್ಲಿಲ್ಲ."

"ಯೂನಿಟ್ ಅನ್ನೋದನ್ನ ನನಗ ಕಲಿಸಿದಾವ್ರ ನೀವಲ್ರೀ, ಗುರುಗಳ? ನಾ ಯಾವುದು ಅನ್ಕೊಂತೀನಿ ಅಂತ ನಿಮಗ ಗೊತ್ತಿತ್ತು."

ಜಂಬಣ್ಣ ಡಬ್ಬಿಯನ್ನು ಅತ್ತ ಸರಿಸಿದರು.

"ಅದು ಹಾಳಾಗ್ಲಿ. ಗುಳಿಗಿ ತಗೋ ಅಂತ ಆಕಿಗೆ ಹೇಳ್ರಿ." ಫೋನು ಹಚ್ಚಿ, ಸ್ಪೀಕರ್ ಹಾಕಿ ಅವರ ಬಾಯಿಗೆ ಹಿಡಿದ.

ಗುರುವಿನ ದನಿ ಬೆಲ್ಲವಾಯಿತು. "ಯವ್ವಾ ಯಮನವ್ವ, ಗುಳಿಗಿ ತಗೊಳ್ಳವ್ವ. ಬಳಿ ಶಕ್ತಿ ಮೈಗೆ ಇಳೀಬೇಕಂದ್ರ ಗುಳಿಗೀನೂ ಬೇಕು. ಬಳಿ ಮಾತ್ರ ತಗೀಬ್ಯಾಡ ಮತ್ತ."

"ಆತ್ರೀ ಅಪ್ಪಾರ, ಈಗಾ ತಗೊಂತೀನಿ." ಆಚೆ ಕೊಡದಲ್ಲಿ ತಂಬಿಗೆ ಅದ್ದಿದ ಸದ್ದು, ಗುಟುಕರಿಸಿದ ಸದ್ದು. ದುರುಗಪ್ಪ ಫೋನು ಕಿವಿಗಿಟ್ಟುಕೊಂಡಾಗ ಅವಳು ಹಿಗ್ಗಿನಿಂದ ಹೇಳುತ್ತಿದ್ದಳು: "ನೋಡ್ರಿ, ನನ್ನ ಮ್ಯಾಲ ಗುರುಗಳಿಗೆ ಎಷ್ಟ ಅಂತಃಕರಣ!"

ಅವನು ಫೋನು ಜೇಬಿಗಿಟ್ಟು ಎದ್ದ.

"ಚಾ ಕುಡದು ಹೋಗಲೇ," ಎಂದರು ಜಂಬಣ್ಣ.

ಯಾರ ಮನೆಯಿಂದ ಎದ್ದರೂ 'ಬರ್ತೀನಿ' ಅನ್ನಬೇಕು, 'ಹೋಗ್ತೀನಿ' ಅನ್ನಬಾರದು, ಸೂತಕದ ಮನೆಯೊಂದನ್ನು ಬಿಟ್ಟು. ದುರುಗಪ್ಪ ಚಪ್ಪಲಿ ಮೆಟ್ಟಿಕೊಂಡು, "ಹೊಕ್ಕೀನಿ, ಜಂಬಣ್ಣ" ಅಂದ.